ಬೆಟ್ಟದಡಿ ಶಾಲೆಯೂ ನನ್ನ ಜೂಜಾಟವೂ

ಮಕ್ಕಳೇ, ನಿಮ್ಮ ಅಜ್ಜಿ ಟ್ಯಾಬಿನಲ್ಲಿ ಜೂಜಾಡಿ ಸಿಕ್ಕಿಬಿದ್ದಳು ಎಂದು ನೀವಿಬ್ಬರೂ ಬೀದಿಯ ತುಂಬ ಹೇಳಿಕೊಂಡು ಬಂದಿದ್ದೀರಿ. ಹಾಲಿನ ಅಂಗಡಿಯವಳು ಮೊನ್ನೆ ನನ್ನನ್ನು ನೋಡಿ, "ಏನಜ್ಜಿ, ಇವತ್ತು ಗೆದ್ರಾ?" ಎಂದಳು. ನಾನು ಹಾಲು ತೆಗೆದುಕೊಳ್ಳುವುದನ್ನೇ ಮರೆತು ಮನೆಗೆ ಬಂದೆ, ಮತ್ತೆ ಆ ಕಡೆ ಹೋಗಿಲ್ಲ. ಅವತ್ತು ನಿಮಗೆ ಕಾಫಿಯ ಬದಲು ಕಷಾಯ ಸಿಕ್ಕಿದ್ದು ಅದಕ್ಕೇ. ಯಾಕೆ ಎಂದು ಈಗ ತಿಳಿಯಿತಲ್ಲ.

ಬಾಯಲ್ಲಿ ಹೇಳಲು ಹೊರಟರೆ ನಾಲ್ಕು ಮಾತಿಗೇ ನೀವು ನಗುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ದೊಡ್ಡವರಾದ ಮೇಲೆ ಅದೇ ಮೊದಲು ಮರೆತುಹೋಗುತ್ತದೆ.

ನಮ್ಮ ಮನೆ ಪೀಣ್ಯದಲ್ಲಿ, ಲೇತ್ ಶೆಡ್ಡುಗಳ ಹಿಂದಿನ ಬೀದಿಯಲ್ಲಿ. ನಾನು ಮದುವೆಯಾಗಿ ಬಂದಾಗ ನಿಮ್ಮ ತಾತ ಇಲ್ಲಿಯೇ ಒಂದು ಶೆಡ್ಡಿನಲ್ಲಿ ಲೇತ್ ಓಡಿಸುವ ಟರ್ನರ್ ಆಗಿದ್ದರು. ಹಗಲೆಲ್ಲ ತಗಡು ಒತ್ತುವ ಪ್ರೆಸ್ಸಿನ ದಡಬಡ, ಗಾಳಿಯಲ್ಲಿ ಲೇತಿಗೆ ಸುರಿಯುವ ಕೂಲೆಂಟ್ ಎಣ್ಣೆಯ ವಾಸನೆ. ಊರಿಂದ ಬಂದ ಮೊದಲ ವಾರ ನಾನು ಮಾತಾಡಿದ್ದು ಯಾರಿಗೂ ಕೇಳಿಸಲಿಲ್ಲ. ನಾನು ಮಾತಾಡಿದ್ದೂ ಕಡಿಮೆಯೇ ಎನ್ನಿ. ಆಮೇಲೆ ತಾತ ಶೆಡ್ಡಿನಿಂದ ಹಿತ್ತಾಳೆಯ ಬಿಡಿಭಾಗಗಳನ್ನು ಚೀಲದಲ್ಲಿ ತರುತ್ತಿದ್ದರು. ಲೇತಿನಲ್ಲಿ ಕಡೆದ ಮೇಲೆ ಅಂಚಿನಲ್ಲಿ ಸಣ್ಣ ಮುಳ್ಳಿನಂತೆ ಉಳಿಯುತ್ತದಲ್ಲ, ಅದನ್ನು ಅರದಿಂದ ಉಜ್ಜಿ ತೆಗೆಯುವುದು ನನ್ನ ಕೆಲಸ. ಉಜ್ಜಿದ ಮೇಲೆ ಒಂದು ಗೇಜು ಹಾಕಿ ನೋಡಬೇಕು. ಗೇಜು ಎಂದರೆ ಒಂದು ಉಕ್ಕಿನ ಕಡ್ಡಿ. ಅದರ ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹಾಗಿದ್ದರೆ ಅಳತೆ ಟಾಲರೆನ್ಸಿನೊಳಗೆ, ಅಂದರೆ ಬಿಡಬಹುದಾದಷ್ಟು ವ್ಯತ್ಯಾಸದೊಳಗೆ ಇದೆ, ಪಾಸು; ಇಲ್ಲದಿದ್ದರೆ ರಿಜೆಕ್ಟು. ಗೇಜಿಗೆ ಬುದ್ಧಿಯಿಲ್ಲ. ಈ ತುಂಡು ಎಲ್ಲಿಗೆ ಹೋಗುತ್ತದೆ, ಯಾರ ಪಂಪಿನೊಳಗೆ ಕೂರುತ್ತದೆ ಎಂದು ಅದು ಕೇಳುವುದಿಲ್ಲ. ನಿಮ್ಮಮ್ಮ ನನ್ನ ಪಕ್ಕ ಕೂತು ಆ ಗೇಜಿನಲ್ಲೇ ಆಡಿ ಬೆಳೆದಳು. ಈಗ ಅದೇ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಮನೆಯಲ್ಲಿ ದೋಸೆ ಕೂಡ ಅವಳ ಕಣ್ಣಿನ ಗೇಜು ದಾಟಿಯೇ ತಟ್ಟೆಗೆ ಬರಬೇಕು.

ಚಿಕ್ಕವಳೇ, ನಿನ್ನ ಶಾಲೆಗೆಂದು ತಂದ ಟ್ಯಾಬಿನಲ್ಲಿ ನೀನು ಗೊಂಬೆಗಳ ಪೆಟ್ಟಿಗೆ ಬಿಚ್ಚುವ ವಿಡಿಯೋಗಳನ್ನೇ ನೋಡುತ್ತಿದ್ದೆ. ಆಗ ನಿಮ್ಮಮ್ಮ ಅದಕ್ಕೊಂದು ಕಾವಲಿನ ಸಾಫ್ಟ್‌ವೇರ್ ಹಾಕಿದಳು. ವೈರಸ್ ಬಾರದಂತೆ ಕಾಯುತ್ತದೆ, ಕೆಟ್ಟ ವೆಬ್‌ಸೈಟುಗಳನ್ನು ತಡೆಯುತ್ತದೆ, ಯಾರು ಏನು ನೋಡಲು ಹೊರಟರು ಎಂದು ವಾರಕ್ಕೊಮ್ಮೆ ಅವಳ ಫೋನಿಗೆ ವರದಿ ಕಳಿಸುತ್ತದೆ. ಆಮೇಲೆ ನಿನಗೆ ಟ್ಯಾಬ್ ಬೇಸರವಾಗಿ ನನ್ನ ಕೈಗೆ ಬಂತು. ಕಾವಲೂ ಅದರ ಜೊತೆಗೇ ಬಂತು. ದೊಡ್ಡವಳು ಅದರ ಮಾತನ್ನೆಲ್ಲ ನನಗಾಗಿ ಕನ್ನಡಕ್ಕೆ ಬದಲಿಸಿ, ಕನ್ನಡದಲ್ಲಿ ಟೈಪ್ ಮಾಡುವುದನ್ನೂ ಕಲಿಸಿದಳು. ಒತ್ತಕ್ಷರ ಹಾಕುವಷ್ಟರಲ್ಲಿ ನನಗೆ ಒಲೆಯ ಮೇಲಿನ ಸಾರು ನೆನಪಾಗುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ.

ಒಂದು ಸೋಮವಾರ ಊರಿಂದ ನನ್ನ ಚಿಕ್ಕಪ್ಪನ ಮಗಳ ಫೋನು ಬಂತು. ತುಮಕೂರು ರಸ್ತೆಯಲ್ಲಿ ಹೋಗಿ ಎಡಕ್ಕೆ ತಿರುಗಿದರೆ ಸಿಗುವ, ಬೆಟ್ಟದ ಬುಡದ ಊರು ನಮ್ಮದು. ಅವಳಿಗೆ ಫೋನು ಬೇಕಿಲ್ಲ, ಅಲ್ಲಿ ನಿಂತು ಕೂಗಿದರೂ ಪೀಣ್ಯಕ್ಕೆ ಕೇಳುತ್ತದೆ.

"ಲೇ, ನಿನ್ ಫೋಟೊ ಬಂದೈತೆ ಕಣೆ!"

"ಯಾವ ಫೋಟೊ?"

"ಇಸ್ಕೂಲ್ದು. ಏಳ್ನೇ ಕ್ಲಾಸಿಂದು. ಮೇಷ್ಟ್ರು ಹುಡುಕಿ ಕಂಪ್ಯೂಟ್ರಿಗೆ ಹಾಕ್ಸವ್ರೆ. ಎಲ್ಲಾರ್ ಕೆಳ್ಗೂ ಎಸ್ರೈತೆ. ನಿಂದೊಂದ್ ಬುಟ್ಟು."

"ನಂದ್ಯಾಕಿಲ್ಲ?"

"ನೀನು ಮೊಕ ತೋರ್ಸಿದ್ರಲ್ವ ಎಸ್ರು ಗೊತ್ತಾಗೋಕೆ? ಬೈತಲೆ ಒಂದೇ ಕಾಣ್ಸೋದು!"

ಆಮೇಲೆ ಅವಳು ಫೋಟೊ ಕಳಿಸಿದಳು. ಶಾಲೆಯ ಜಗಲಿಯ ಮುಂದೆ ಮೂರು ಸಾಲು ಮಕ್ಕಳು. ಮುಂದಿನ ಸಾಲಿನಲ್ಲಿ ಎಡದಿಂದ ಮೂರನೆಯವಳು ತಲೆ ತಗ್ಗಿಸಿ ಕೂತಿದ್ದಾಳೆ. ಎಣ್ಣೆ ಹಚ್ಚಿ ತೆಗೆದ ಬೈತಲೆ, ಎರಡು ಜಡೆ, ಮಡಿಲಲ್ಲಿ ಬಿಗಿಯಾಗಿ ಮುಚ್ಚಿದ ಬಲಮುಷ್ಟಿ. ಕೆಳಗೆ ಅಚ್ಚುಕಟ್ಟಾಗಿ ಬರೆದಿದೆ: ಹೆಸರು ತಿಳಿಯದು.

ನನ್ನ ಬಾಲ್ಯದ ಫೋಟೊ ಎಂದು ಇರುವುದು ಅದೊಂದೇ. ಅದೂ ಕಳೆದುಹೋಗಿದೆ ಎಂದುಕೊಂಡಿದ್ದೆ. ನನ್ನ ಕಡೆಯವರಲ್ಲಿ ನಾನು ಚಿಕ್ಕವಳಾಗಿದ್ದಾಗ ನೋಡಿದವರು ಈಗ ಹೆಚ್ಚು ಮಂದಿ ಉಳಿದಿಲ್ಲ. ನಿಮ್ಮ ತಾತನಂತೂ ನಾನು ಹುಟ್ಟುವಾಗಲೇ ಇಷ್ಟುದ್ದ ಸೀರೆ ಉಟ್ಟಿದ್ದೆ ಎಂದು ಛೇಡಿಸುತ್ತಿದ್ದರು. ಆ ಬೈತಲೆಯನ್ನು ನೋಡಿದಾಗ ನನಗೆ ಏನಾಯಿತೆಂದು ಬರೆಯಲು ಬರುವುದಿಲ್ಲ. ಅವರಿಗೆ ತೋರಿಸಬೇಕಿತ್ತು ಅನ್ನಿಸಿತು, ಅಷ್ಟೇ.

ಫೋನಿನಲ್ಲಿ ನನ್ನ ಚಿಕ್ಕಪ್ಪನ ಮಗಳು ಇನ್ನೂ ಒಂದು ಮಾತು ಹೇಳಿದ್ದಳು. ಬರುವ ಭಾನುವಾರ ಸಂಜೆಗೆ ಹೆಸರುಗಳ ಪಟ್ಟಿ ಮುಚ್ಚುತ್ತಾರೆ. ಸೋಮವಾರ ಫೋಟೊವನ್ನು ದೊಡ್ಡದು ಮಾಡಿ, ಹೆಸರು ಬರೆಸಿ, ಶಾಲೆಯ ಗೋಡೆಗೆ ಹಾಕಲು ಕೊಡುತ್ತಾರೆ. ಆಮೇಲೆ ತಿದ್ದುವುದಿಲ್ಲ.

"ನೀನೇ ಮೇಷ್ಟ್ರಿಗೆ ಹೇಳಬಾರದೇನೆ?"

"ಏಳ್ದೆ ಕಣೆ. ಕೇಳಲ್ಲ ಅಂತಾರೆ. ಆಗ್ಲೇ ಇಬ್ರು ಬಂದು ಅದು ನಾನೇ, ಅದು ನಾನೇ ಅಂದವ್ರಂತೆ. ಆ ಹುಡ್ಗಿ ಕೈಲಿ ಏನೈತೆ ಅಂತ ಯಾರು ಸರ್ಯಾಗ್ ಬರೀತಾರೋ ಅವ್ರ ಎಸ್ರು ಹಾಕ್ತೀನಿ ಅಂತ ಕೂತವ್ರೆ. ಒಬ್ಳು ಹುಣ್ಸೆಹಣ್ಣು ಅಂದ್ಲಂತೆ, ಒಬ್ಳು ನಾಕಾಣೆ ಅಂದ್ಲಂತೆ. ಎರ್ಡೂ ಅಲ್ಲವಂತೆ. ಅದೇನಿತ್ತೇ ನಿನ್ ಕೈಲಿ? ಏಳು, ನಾನೇ ಓಗಿ ಏಳ್ತೀನಿ."

"ನೆನಪಿಲ್ಲ" ಎಂದೆ.

ಸುಳ್ಳು. ಚೆನ್ನಾಗಿ ನೆನಪಿತ್ತು. ಆದರೆ ಅವಳಿಗೆ ಹೇಳಿದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಸಂಜೆಯೊಳಗೆ ಪಕ್ಕದ ಊರಿಗೂ.

ಇನ್ನು ಉಳಿದದ್ದು ಒಂದೇ ದಾರಿ, ಫೋಟೊ ಹಾಕಿದ್ದ ಶಾಲೆಯ ವೆಬ್‌ಸೈಟಿಗೆ ನಾನೇ ಹೋಗಿ ಬರೆಯುವುದು. ಮಂಗಳವಾರ ನೀವೆಲ್ಲ ಹೊರಟ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಅವಳು ಕಳಿಸಿದ ವಿಳಾಸವನ್ನು ಒತ್ತಿದೆ. ಪರದೆಯ ತುಂಬ ಒಂದು ಕೆಂಪು ಅಂಗೈ ಎದ್ದು ನಿಂತಿತು. ಕೆಳಗೆ ಹೀಗಿತ್ತು: "ಈ ತಾಣವನ್ನು ತಡೆಯಲಾಗಿದೆ. ವರ್ಗ: ಜೂಜು. ಇದು ನಿಮ್ಮ ಸುರಕ್ಷತೆಗಾಗಿ."

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದೆ. ಮತ್ತೆ ಅಂಗೈ. ನಮ್ಮ ಮೇಷ್ಟ್ರು ಬೀಡಿ ಕೂಡ ಸೇದಿದವರಲ್ಲ. ಅವರ ಶಾಲೆಯಲ್ಲಿ ಜೂಜು ಎಲ್ಲಿಂದ ಬಂತು? ಯಂತ್ರಕ್ಕೆ ಒಂದು ಸಲ ತಪ್ಪಾಗಿರಬಹುದು ಎಂದು ಹತ್ತು ನಿಮಿಷ ಬಿಟ್ಟು ಒತ್ತಿದೆ. ಬುಧವಾರ ಒತ್ತಿದೆ. ಗುರುವಾರ ಅವರೆಕಾಯಿ ಸುಲಿಯುತ್ತಾ, ಎಡಗೈಯಲ್ಲಿ ಸುಮ್ಮನೆ ಒತ್ತುತ್ತಲೇ ಇದ್ದೆ. ಒಂದು ಕಾಯಿಗೆ ಒಂದು ಸಲದಂತೆ.

ಆ ಒಂದೊಂದು ಸಲವನ್ನೂ ಕಾವಲುಗಾರ ಬರೆದುಕೊಳ್ಳುತ್ತಿದ್ದಾನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಶುಕ್ರವಾರ ಸಂಜೆ ನಿಮ್ಮಮ್ಮ ಕೆಲಸದಿಂದ ಬಂದು, ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ ನನ್ನ ಪಕ್ಕ ಕೂತಳು. ಅವಳು ಹಾಗೆ ಕೂತರೆ ಏನೋ ರಿಜೆಕ್ಟ್ ಆಗಿದೆ ಎಂದೇ ಅರ್ಥ.

"ಅಮ್ಮಾ, ಒಂದ್ ಮಾತು ಕೇಳ್ತೀನಿ. ಬೇಜಾರ್ ಮಾಡ್ಕೋಬಾರ್ದು."

"ಕೇಳು."

"ರಮ್ಮಿ ಆಡ್ತಿದೀಯಾ?"

"ಯಾವ ರಮ್ಮಿ? ಮೂರನೇ ಕ್ರಾಸಿನವಳಾ? ಅವಳ ಜೊತೆ ನಾನೇನು ಆಡ್ಲಿ, ಇಪ್ಪತ್ತು ವರ್ಷದವಳು."

"ಅಮ್ಮಾ! ಇಸ್ಪೀಟು. ದುಡ್ಡು ಕಟ್ಟಿ ಆಡೋದು." ಫೋನು ನನ್ನ ಮೂಗಿನ ಹತ್ತಿರ ಹಿಡಿದಳು. "ನೋಡು. ಜೂಜಿನ ವೆಬ್‌ಸೈಟು, ನಲವತ್ತಾರು ಸಲ. ಗುರುವಾರ ಒಂದಿನಾನೇ ಮೂವತ್ತು ಸಲ. ನಮ್ ಕಂಪನೀಲಿ ಒಬ್ರು ಹಿಂಗೇ ಟೈಮ್‌ಪಾಸ್ ಅಂತ ಶುರು ಮಾಡಿ ಗಾಡಿ ಮಾರ್ಕೊಂಡ್ರು, ಗೊತ್ತಾ?"

"ನನ್ನ ಹತ್ರ ಗಾಡಿ ಇಲ್ವಲ್ಲೇ" ಎಂದೆ.

ಅವಳು ನಗಲಿಲ್ಲ. ಅವಳ ಕಣ್ಣಿನಲ್ಲಿ ನಿಜವಾದ ಹೆದರಿಕೆಯಿತ್ತು. ಅಪ್ಪ ಹೋದ ಮೇಲೆ ಅಮ್ಮ ಒಂಟಿಯಾಗಿ ಇದಕ್ಕೆ ಬಿದ್ದಳೇ ಎಂಬ ಹೆದರಿಕೆ. ಆಗಲೇ ನಾನು ಹೇಳಿಬಿಡಬೇಕಿತ್ತು. ನಾಲಿಗೆ ತುದಿಗೆ ಬಂದದ್ದು ಅಲ್ಲೇ ಕೂತುಬಿಟ್ಟಿತು. ಯಾಕೆಂದರೆ ಶಾಲೆಯ ವಿಷಯ ಹೇಳಿದರೆ ಫೋಟೊದ ವಿಷಯ ಹೇಳಬೇಕು, ಫೋಟೊ ಎಂದರೆ ಮುಷ್ಟಿಯ ವಿಷಯ ಬರುತ್ತದೆ. ಮುಷ್ಟಿಯೊಳಗೆ ಇದ್ದದ್ದು ಮೇಷ್ಟ್ರ ಮೇಜಿನಿಂದ ನಾನು ಕದ್ದ ಬಣ್ಣದ ಸೀಮೆಸುಣ್ಣ.

ಅದನ್ನು ನಿಮ್ಮಮ್ಮನ ಮುಂದೆ ಹೇಳುವುದು ಹೇಗೆ? ಅವಳು ನಿಮಗೆ ನೂರು ಸಲ ಹೇಳಿರುವ ರಬ್ಬರಿನ ಕತೆ ನೆನಪಿದೆಯಲ್ಲ? ಮೂರನೇ ತರಗತಿಯಲ್ಲಿದ್ದಾಗ ಅವಳು ಗೆಳತಿಯ ಘಮಘಮ ರಬ್ಬರನ್ನು ಮನೆಗೆ ತಂದಿದ್ದಳು. ನಾನು ಅವಳ ಕಿವಿ ಹಿಡಿದು ಶಾಲೆಗೆ ಕರೆದುಕೊಂಡು ಹೋಗಿ, ಇಡೀ ತರಗತಿಯ ಮುಂದೆ ನಿಲ್ಲಿಸಿ ವಾಪಸ್ಸು ಕೊಡಿಸಿದೆ. "ನಾವು ಚಿಕ್ಕವರಿದ್ದಾಗ ಒಂದು ಕಡ್ಡಿನೂ ಮುಟ್ಟಿದವರಲ್ಲ" ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಕಡ್ಡಿ ಮುಟ್ಟಿರಲಿಲ್ಲ, ಅದು ನಿಜ. ಸೀಮೆಸುಣ್ಣವನ್ನು ಕಡ್ಡಿ ಎಂದು ಯಾರೂ ಕರೆಯುವುದಿಲ್ಲ.

ಹೀಗಾಗಿ ನನಗೆ ಎರಡೇ ದಾರಿ. ಜೂಜುಕೋರಳಾಗಬೇಕು, ಇಲ್ಲವೇ ಕಳ್ಳಿಯಾಗಬೇಕು. ಶುಕ್ರವಾರ ನಾನು ಜೂಜುಕೋರಳಾಗಿರುವುದನ್ನೇ ಆರಿಸಿಕೊಂಡು ಸುಮ್ಮನಿದ್ದೆ. ನಿಮ್ಮಮ್ಮ ನಿಟ್ಟುಸಿರು ಬಿಟ್ಟು, ಟ್ಯಾಬನ್ನು ಬೀರುವಿನ ಮೇಲೆ ಇಟ್ಟಳು. ನನ್ನ ಕೈಗೆ ಎಟುಕದಂತೆ, ಸೂಟ್‌ಕೇಸಿನ ಹಿಂದೆ. ಅವಳು ಚಿಕ್ಕವಳಿದ್ದಾಗ ಅವಳಿಗೆ ಸಿಗದಂತೆ ನಾನು ಬೆಲ್ಲದ ಡಬ್ಬಿ ಇಡುತ್ತಿದ್ದ ಜಾಗ ಅದು.

ಶನಿವಾರ ಅವಳಿಗೆ ಅರ್ಧ ದಿನ ಕೆಲಸ, ನಿಮಗೆ ರಜೆ. ನಿಮ್ಮಪ್ಪ ಮೊದಲ ಶಿಫ್ಟಿಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಮಂಕಾಗಿ ನಿಂತಿದ್ದೆ. ಆಗ ನೀವಿಬ್ಬರೂ ಬಂದು ನಿಂತಿರಿ.

"ಅಜ್ಜಿ, ನಮ್ಗೆ ಗೊತ್ತು ನೀನು ರಮ್ಮಿ ಆಡಲ್ಲ. ನಿಂಗೆ ಆಟೀನು, ಇಸ್ಪೀಟು ಯಾವ್ದು ಅಂತಾನೂ ಗೊತ್ತಿಲ್ಲ" ಎಂದಳು ದೊಡ್ಡವಳು. "ಯಾವ್ ಸೈಟ್ ಬೇಕು? ನಾವ್ ತೆಗೆದುಕೊಡ್ತೀವಿ."

"ಅದಕ್ಕೆ ನಿಮ್ಮಮ್ಮನ ಪಿನ್ ಬೇಕಂತೆ."

ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಸ್ಟೂಲು ಬಂತು, ಸೂಟ್‌ಕೇಸು ಸರಿಯಿತು, ಟ್ಯಾಬು ಇಳಿಯಿತು. ದೊಡ್ಡವಳು ಟಕಟಕನೆ ನಾಲ್ಕು ಅಂಕಿ ಒತ್ತಿದಳು. ಕಾವಲಿನ ಬಾಗಿಲು ತೆರೆಯಿತು.

ಚಿಕ್ಕವಳೇ, ಅಮ್ಮ ಜಡೆ ಹಾಕಲಿ ಎಂದು ನೀನು ಬಾಚಣಿಗೆ ಹಿಡಿದು ಅವಳ ಹಿಂದೆ ಬಂದು ನಿಲ್ಲುತ್ತಿದ್ದೆಯಲ್ಲ, ಅದು ಜಡೆಗಾಗಿ ಅಲ್ಲ, ಪಿನ್ ಇಣುಕಿ ನೋಡಲು ಎಂದು ನನಗೆ ಅವತ್ತು ತಿಳಿಯಿತು. ನಿಮಗಾಗಿ ಕಟ್ಟಿದ ಬೇಲಿಯನ್ನು ನೀವಿಬ್ಬರೂ ಎಂದೋ ದಾಟಿದ್ದಿರಿ. ಒಳಗೆ ಉಳಿದು ಕಾವಲಿಗೆ ಒಳಗಾಗಿದ್ದವಳು ನಾನೊಬ್ಬಳೇ.

"ಹದಿನೈದ್ ನಿಮಿಷ ಆಫ್ ಮಾಡಿದೀನಿ ಅಜ್ಜಿ. ಜಾಸ್ತಿ ಮಾಡಿದ್ರೆ ಅಮ್ಮಂಗೆ ಮೆಸೇಜ್ ಹೋಗುತ್ತೆ. ಬೇಗ ಬರಿ."

ನಿಮ್ಮನ್ನು ಹೊರಗೆ ಕಳಿಸಿ ನಾನು ಕೂತೆ. ಅಂಗೈ ಇರಲಿಲ್ಲ. ಶಾಲೆಯಿತ್ತು, ಬೆಟ್ಟವಿತ್ತು, ಫೋಟೊವಿತ್ತು, ಅದರ ಕೆಳಗೆ ಬರೆಯಲು ಒಂದು ಖಾಲಿ ಚೌಕವಿತ್ತು. "ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು" ಎಂದು ಶುರುಮಾಡಿದೆ. ಪತ್ರವನ್ನು ಹಾಗೆ ಶುರುಮಾಡಬೇಕೆಂದು ಕಲಿಸಿದವರೇ ಅವರು. ಸಾಷ್ಟಾಂಗದಲ್ಲಿ ಷಕ್ಕೆ ಟ ಒತ್ತು ಕೊಡುವುದರಲ್ಲೇ ಮೂರು ನಿಮಿಷ ಹೋಯಿತು. ಆಮೇಲೆ ಕ್ಷೇಮಸಮಾಚಾರ. ಆಮೇಲೆ ನನ್ನ ತಂದೆಯ ಹೆಸರು, ನಮ್ಮ ಮನೆ ಇದ್ದ ಜಾಗ, ಮುಂದಿದ್ದ ಹೊಂಗೆಮರ. ಒಂದೇ ಸಲಕ್ಕೆ ಕಳ್ಳತನಕ್ಕೆ ಬರಲು ನನಗೆ ಧೈರ್ಯವಿರಲಿಲ್ಲ. ಸುತ್ತಿ ಬಳಸಿ ಕೊನೆಗೆ ಅದನ್ನೂ ಬರೆದೆ, ಹೆಸರನ್ನೂ ಬರೆದೆ, ತಪ್ಪಿದೆಯೇ ಎಂದು ಎರಡು ಸಲ ಓದಿದೆ, "ಕಳುಹಿಸಿ" ಎಂಬುದನ್ನು ಒತ್ತಿದೆ.

ಕೆಂಪು ಅಂಗೈ ಎದ್ದು ನಿಂತಿತು.

ಹದಿನೈದು ನಿಮಿಷ ಮುಗಿದಿತ್ತು. ಬರೆದದ್ದೆಲ್ಲ ಮಾಯ. ಅಷ್ಟರಲ್ಲಿ ಗೇಟಿನ ಸದ್ದಾಯಿತು, ನಿಮ್ಮಮ್ಮ ಬಂದಳು. ಟ್ಯಾಬು ಬೀರು ಹತ್ತಿತು, ಸ್ಟೂಲು ಅಡುಗೆಮನೆಗೆ ಓಡಿತು. ಚಿಕ್ಕವಳು ಯಾವ ಪುಸ್ತಕವನ್ನೋ ತಲೆಕೆಳಗಾಗಿ ಹಿಡಿದು ಓದತೊಡಗಿದಳು. ನನ್ನ ಮುಖ ಹೇಗಿತ್ತೋ, ನಿಮ್ಮಮ್ಮ ಏನೂ ಕೇಳಲಿಲ್ಲ. ಇವತ್ತು ಸೋತಿರಬೇಕು ಎಂದುಕೊಂಡಳೋ ಏನೋ.

ಭಾನುವಾರ ಬಂತು. ಪೀಣ್ಯದಲ್ಲಿ ಭಾನುವಾರ ಎಂದರೆ ಪ್ರೆಸ್ಸುಗಳ ಸದ್ದಿಲ್ಲ, ಮೇಲೆ ಮೆಟ್ರೋ ಹೋದದ್ದು ಕೂಡ ಸ್ಪಷ್ಟವಾಗಿ ಕೇಳುತ್ತದೆ. ಬೇರೆ ದಿನವಾದರೆ ಮಾತನ್ನು ಮೆಲ್ಲಗೆ ಆಡಿ ಸದ್ದಿನಲ್ಲಿ ಮುಳುಗಿಸಬಹುದು. ಭಾನುವಾರ ಆಡಿದ್ದೆಲ್ಲ ಕೇಳಿಸಿಬಿಡುತ್ತದೆ. ನಿಮ್ಮಮ್ಮ ತಲೆಗೆ ನೀರು ಹಾಕಿಕೊಂಡು ತಾರಸಿಯ ಮೇಲೆ ಕೂದಲು ಒಣಗಿಸುತ್ತಿದ್ದಳು. ನೀವಿಬ್ಬರೂ ಅಲ್ಲೇ ಇದ್ದಿರಿ. ಸಂಜೆಯಾದರೆ ಪಟ್ಟಿ ಮುಚ್ಚುತ್ತದೆ. ಆಮೇಲೆ ಆ ಗೋಡೆ ಇರುವತನಕ ನಾನು ಹೆಸರು ತಿಳಿಯದವಳು. ಇಲ್ಲವೇ ಹುಣಸೆಹಣ್ಣಿನವಳು.

ನಾನು ಮೆಟ್ಟಿಲು ಹತ್ತಿ ಹೋಗಿ, ಒಣಹಾಕಿದ್ದ ಬೆಡ್‌ಶೀಟಿನ ಈ ಕಡೆ ನಿಂತುಕೊಂಡೆ. ಆ ಕಡೆ ಅವಳು. ಮುಖ ಕಾಣದಿದ್ದರೆ ಹೇಳುವುದು ಸುಲಭ.

"ನಾನು ಕದ್ದಿದ್ದೆ ಕಣೆ" ಎಂದೆ.

ಬೆಡ್‌ಶೀಟಿನ ಆಚೆ ಟವೆಲಿನ ಸದ್ದು ನಿಂತಿತು. "ಏನ್ ಕದ್ದಿದ್ದೆ? ಯಾರ್ದು?"

"ಸೀಮೆಸುಣ್ಣ. ಮೇಷ್ಟ್ರದು. ಏಳನೇ ಕ್ಲಾಸಲ್ಲಿ."

ಆಮೇಲೆ ಫೋಟೊ, ಕೆಂಪು ಅಂಗೈ, ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಅವತ್ತು ಹಲಗೆಯ ಮೇಲೆ ಕಮಲ ಬರೆದಿದ್ದರು. ನಾನು ಅಲ್ಲಿಯವರೆಗೆ ಬಿಳಿ ಬಿಟ್ಟು ಬೇರೆ ಬಣ್ಣದ ಸೀಮೆಸುಣ್ಣ ನೋಡಿರಲಿಲ್ಲ. ಫೋಟೊ ತೆಗೆಯುವವನು ಬಂದ ಎಂದು ಎಲ್ಲರೂ ಹೊರಗೆ ಓಡಿದಾಗ ಮೇಜಿನ ಮೇಲಿದ್ದ ತುಂಡು ನನ್ನ ಕೈಗೆ ಹೇಗೋ ಬಂದುಬಿಟ್ಟಿತು. ಬಿಸಿಲಿನಲ್ಲಿ ಕೂರಿಸಿದರು. ಅಂಗೈ ಬೆವರಿ, ಬಣ್ಣ ಕರಗಿ ಬೆರಳ ಸಂದಿಯಿಂದ ಇಣುಕತೊಡಗಿತು. ಲಂಗಕ್ಕೆ ಹತ್ತಿತೇ ಎಂದು ನಾನು ತಲೆ ತಗ್ಗಿಸಿ ನೋಡಿದೆ. ಆಗಲೇ ಅವನು ಕ್ಲಿಕ್ ಎನ್ನಿಸಿದ. ನಾಚಿಕೆಯಿಂದ ತಲೆ ತಗ್ಗಿಸಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಾಚಿಕೆಯಲ್ಲ, ಸಾಕ್ಷಿ ನಾಶ.

 ಬೆಡ್‌ಶೀಟಿನ ಆಚೆಯಿಂದ ಅವಳ ಇನ್‌ಸ್ಪೆಕ್ಟರ್ ದನಿ ಬಂತು.

"ಎಷ್ಟ್ ಉದ್ದ ಇತ್ತು?"

"ಒಂದು ಬೆರಳು. ಇಲ್ಲ, ಅರ್ಧ ಬೆರಳು."

"ಅರ್ಧ ಬೆರಳು ಅಂದ್ರೆ ಟಾಲರೆನ್ಸ್ ಒಳಗೇ ಇದೆ ಬಿಡು, ಪಾಸು." ಅಷ್ಟು ಹೇಳಿ ಅವಳು ನಕ್ಕಿದ್ದು ನಿಮಗೂ ನೆನಪಿರಬೇಕು. ನಗುತ್ತಾ ಬೆಡ್‌ಶೀಟನ್ನೇ ಸರಿಸಿ ನನ್ನ ಮುಖ ನೋಡಿದಳು. "ಅಲ್ಲಮ್ಮ, ಒಂದ್ ರಬ್ಬರ್‌ಗೆ ನನ್ ಕಿವಿ ಕಿತ್ತುಹಾಕಿದ್ಯಲ್ಲ! ಕಡ್ಡಿನೂ ಮುಟ್ಟಿಲ್ಲ ಅಂದಿದ್ಯಲ್ಲ!"

"ಕಡ್ಡಿ ಮುಟ್ಟಿರ್ಲಿಲ್ಲ."

"ಥೂ, ಕಳ್ಳಿ!"

ಅವಳು ಕೆಳಗೆ ಹೋಗಿ ಟ್ಯಾಬು ತಂದಳು. ಮೊದಲು ಅವಳಿಗೆ ತಿಳಿಯಬೇಕಿದ್ದದ್ದು, ಶಾಲೆಯನ್ನು ಇದು ಜೂಜು ಎಂದದ್ದೇಕೆ ಎಂಬುದು. ಯಾವ ತುಂಡು ರಿಜೆಕ್ಟಾದರೂ ಕಾರಣ ಬರೆಯದೆ ಅವಳು ಮುಂದೆ ಹೋಗುವವಳಲ್ಲ. ವೆಬ್‌ಸೈಟಿನ ವಿಳಾಸವನ್ನು ಗಟ್ಟಿಯಾಗಿ ಓದಿದಳು. ಇಂಗ್ಲಿಷ್ ಅಕ್ಷರಗಳಲ್ಲಿ "ಬೆಟ್ಟದಡಿ ಶಾಲೆ" ಎಂದು ಕೂಡಿಸಿ ಬರೆದಿತ್ತು. "ಬಿ, ಇ, ಟಿ, ಟಿ, ಎ... ಬೆಟ್ಟ... ಬೆಟ್ಟದಡಿ... ಇದ್ರಲ್ಲಿ ಏನಿದೆ?"

"ಬೆಟ್ಟಾ?" ಎಂದಳು ಚಿಕ್ಕವಳು.

ಚಿಕ್ಕವಳೇ, ನಿನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಅದು. ನಾಳೆ ಮಳೆ ಬರುತ್ತೆ, ಬೆಟ್ಟಾ? ಅಕ್ಕ ಇವತ್ತು ಬೈಸ್ಕೊಳ್ತಾಳೆ, ಬೆಟ್ಟಾ? ನಿನಗೆ ಬೆಟ್ ಕಟ್ಟುವುದು ಗೊತ್ತು, ಬೆಟ್ಟ ಹತ್ತುವುದು ಗೊತ್ತಿಲ್ಲ. ಎಲ್ಲರೂ ನಿನ್ನ ಕಡೆ ತಿರುಗಿದೆವು.

"ಅಮ್ಮ, ಮೊದಲ ಮೂರಕ್ಷರ ನೋಡು! ಬೆಟ್! ಅದು ಪೂರ್ತಿ ಓದೇ ಇಲ್ಲ!" ಎಂದು ಕೂಗಿದಳು ದೊಡ್ಡವಳು.

ಅಷ್ಟೇ ಆಗಿದ್ದು. ಇಂಗ್ಲಿಷಿನ ಕಾವಲುಗಾರನಿಗೆ ನಮ್ಮ ಬೆಟ್ಟದ ಬುಡದಲ್ಲೇ ಪಣ ಕಟ್ಟುವುದು ಕಂಡಿತ್ತು. ಮೂರಕ್ಷರ ಓದಿ, ಅಂಗೈ ಎತ್ತಿ ನಿಂತುಬಿಟ್ಟಿದ್ದ.

ನಿಮ್ಮಮ್ಮ ಮೊದಲು ಆ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ಕೊಟ್ಟು ನೋಡಿದಳು. ಮುಖಪುಟ ತೆರೆಯಿತು, ಬರೆಯುವ ಪುಟಕ್ಕೆ ಹೋದರೆ ಮತ್ತೆ ಅಂಗೈ. ಆ ಪುಟದ ವಿಳಾಸ ಬೇರೆಯಂತೆ, ಅದರಲ್ಲೂ ಬೆಟ್ಟವಿತ್ತು. ಅದಕ್ಕೂ ವಿನಾಯಿತಿ ಕೊಟ್ಟಳು. ಫೋಟೊ ಕಾಣಿಸಲಿಲ್ಲ, ಅದರದು ಇನ್ನೊಂದು ವಿಳಾಸ. ಅವಳು ಟ್ಯಾಬನ್ನು ತೊಡೆಯ ಮೇಲೆ ಇಟ್ಟಳು.

"ಗೇಜೇ ಸರಿ ಇಲ್ದೆ ಇದ್ರೆ ಏನ್ ಮಾಡ್ಬೇಕು ಅಂತ ಅಪ್ಪ ಹೇಳ್ತಿದ್ರು, ನೆನಪಿದ್ಯಾ ಅಮ್ಮ?"

"ಗೇಜನ್ನೇ ರಿಜೆಕ್ಟ್ ಪೆಟ್ಟಿಗೆಗೆ ಹಾಕ್ಬೇಕು" ಎಂದೆ.

"ಹ್ಞೂಂ. ವೈರಸ್ ಕಾಯೋದು ಇರ್ಲಿ. ಈ ಸೈಟ್ ತಡೆಯೋದನ್ನ ತೆಗೆದ್‌ಬಿಡೋಣ."

ಅವಳು ಸೆಟ್ಟಿಂಗ್ಸಿಗೆ ಹೋಗಿ ಗುರಾಣಿಯ ಚಿತ್ರ ಒತ್ತಿದಳು. "ತಾಣ ತಡೆ" ಎಂಬುದರ ಮುಂದಿನ ಹಸಿರು ಗುಂಡಿಯನ್ನು ಎಡಕ್ಕೆ ತಳ್ಳಿದಳು. ಅದು ಪಿನ್ ಕೇಳಿತು. ಅವಳು ಮೊದಲ ಎರಡು ಅಂಕಿ ಹಾಕಿ, ಹಣೆ ಗಂಟಿಕ್ಕಿದಳು.

"ಆಮೇಲೆ ಎರಡು ಸೊನ್ನೆ ಅಮ್ಮ" ಎಂದಳು ಚಿಕ್ಕವಳು, ಸಹಾಯವಾಗಲಿ ಎಂದು.

 ದೊಡ್ಡವಳು ಚಿಕ್ಕವಳನ್ನು ನೋಡಿದ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮಮ್ಮ ತಲೆಯೆತ್ತದೆ, "ಇದರ ಬಗ್ಗೆ ಆಮೇಲೆ ಮಾತಾಡೋಣ" ಎಂದು ಎರಡು ಸೊನ್ನೆ ಒತ್ತಿದಳು.

ಕಾವಲುಗಾರ ಅಷ್ಟು ಸುಲಭಕ್ಕೆ ಬಿಡುವವನಲ್ಲ. "ಎಷ್ಟು ಕಾಲ? ಹದಿನೈದು ನಿಮಿಷ, ಮರುಚಾಲನೆಯವರೆಗೆ, ಶಾಶ್ವತವಾಗಿ" ಎಂದು ಕೇಳಿದ. ಶಾಶ್ವತವಾಗಿ ಎಂದು ಒತ್ತಿದರೆ "ನಿಮಗೆ ಖಚಿತವೇ?" ಎಂದ. ಖಚಿತ ಎಂದರೆ "ಇದರಿಂದ ನಿಮ್ಮ ಸುರಕ್ಷತೆ ಕಡಿಮೆಯಾಗಬಹುದು" ಎಂದು ಹೆದರಿಸಿದ. ಕೊನೆಗೆ ಗುಂಡಿಯ ಹಸಿರು ಹೋಗಿ ಬೂದು ಬಣ್ಣವಾಯಿತು. ಅಂಗೈ ಇಳಿಯಿತು. ಬೆಟ್ಟ ಬೆಟ್ಟವಾಗಿಯೇ ಕಾಣಿಸಿತು.

ಈ ಸಲ ನಾನು ಸಾಷ್ಟಾಂಗ ನಮಸ್ಕಾರ ಬಿಟ್ಟುಬಿಟ್ಟೆ. ನೇರವಾಗಿ ಬರೆದೆ: "ಮುಂದಿನ ಸಾಲು, ಎಡದಿಂದ ಮೂರನೆಯವಳು ನಾನು. ನನ್ನ ಕೈಯಲ್ಲಿ ಇರುವುದು ನಿಮ್ಮ ಮೇಜಿನಿಂದ ಕದ್ದ ಬಣ್ಣದ ಸೀಮೆಸುಣ್ಣ." ಕೆಳಗೆ ನನ್ನ ಹೆಸರು. ಮೂವರೂ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಿರಿ. ಕಳುಹಿಸಿ ಎಂದು ಒತ್ತುವ ಮೊದಲು ನಾನು ಅದನ್ನು ಮೂರು ಸಲ ಓದಿದ್ದನ್ನು ಯಾರೂ ಆಡಿಕೊಳ್ಳಲಿಲ್ಲ. ಅದೊಂದನ್ನು ನಿಮ್ಮ ಒಳ್ಳೆಯತನ ಎಂದು ಬರೆದಿಡುತ್ತೇನೆ.

ಮೇಷ್ಟ್ರ ಉತ್ತರ ನಾಲ್ಕು ಗಂಟೆಯ ಹೊತ್ತಿಗೆ ಬಂತು. ಅವರಿಗೆ ಈಗ ಎಂಬತ್ತರ ಹತ್ತಿರ ಇರಬೇಕು. ಪ್ರಶ್ನೆಪತ್ರಿಕೆ ಬರೆಯುವ ಅಭ್ಯಾಸ ಮಾತ್ರ ಹೋಗಿಲ್ಲ. "ಆ ವರ್ಷ ಶಾಲೆಗೆ ಬಣ್ಣದ ಸೀಮೆಸುಣ್ಣ ಮೂರು ಬಂದಿದ್ದವು. ಕಾಣೆಯಾದದ್ದು ಯಾವ ಬಣ್ಣ?"

"ಗುಲಾಬಿ" ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಮತ್ತೆ ಬಂತು. "ಸರಿ. ಉತ್ತರಕ್ಕೆ ಪೂರ್ಣ ಅಂಕ. ನಡತೆಗೆ ಇಲ್ಲ."

ದೀಪ ಹಚ್ಚುವ ಮೊದಲೇ ಫೋಟೊದ ಕೆಳಗೆ "ಹೆಸರು ತಿಳಿಯದು" ಎಂಬುದು ಹೋಗಿ ನನ್ನ ಹೆಸರು ಬಂತು. ಅದರಲ್ಲಿ ಒಂದು ದೀರ್ಘ ತಪ್ಪಿತ್ತು. ನಾನು ಸುಮ್ಮನಿರುತ್ತಿದ್ದೆ. ನಿಮ್ಮಮ್ಮ ಸುಮ್ಮನಿರಲಿಲ್ಲ, ನನ್ನ ಚಿಕ್ಕಪ್ಪನ ಮಗಳಿಗೆ ಫೋನು ಮಾಡಿ ತಿದ್ದಿಸಿದಳು.

ಫೋಟೊವನ್ನು ಗೋಡೆಗೆ ಹಾಕುವ ದಿನ ನಿಮಗೆ ಪರೀಕ್ಷೆ ಇತ್ತು, ಅದಕ್ಕೇ ನೀವು ಬರಲಿಲ್ಲ. ಅಲ್ಲಿ ಏನಾಯಿತೆಂದು ನಿಮ್ಮಮ್ಮ ತನಗೆ ಬೇಕಾದ ಹಾಗೆ ಹೇಳಿದ್ದಾಳೆ. ನಿಜ ಇಷ್ಟು. ಬಸ್ಸು ಹತ್ತುವ ಮೊದಲೇ ಅವಳು ಒಂದು ಪೆಟ್ಟಿಗೆ ಬಣ್ಣದ ಸೀಮೆಸುಣ್ಣ ಕೊಂಡು ನನ್ನ ಕೈಗೆ ಕೊಟ್ಟಿದ್ದಳು. ಶಾಲೆ ಮುಟ್ಟಿದ ಮೇಲೆ ನನ್ನನ್ನು ಸೀದಾ ಏಳನೇ ತರಗತಿಯ ಒಳಗೆ ಕರೆದುಕೊಂಡು ಹೋಗಿ, ಇಡೀ ತರಗತಿಯ ಮುಂದೆ ನಿಲ್ಲಿಸಿ, "ಹೇಳಮ್ಮ, ಯಾಕೆ ತಂದಿದೀಯ ಅಂತ ಹೇಳು" ಎಂದಳು. ಕಿವಿ ಮಾತ್ರ ಹಿಡಿಯಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ಪೆಟ್ಟಿಗೆ ತೆರೆದು, ಗುಲಾಬಿ ಇದೆಯೇ ಎಂದು ನೋಡಿ, ಇದೆ ಎಂದು ತಲೆಯಾಡಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಗೋಡೆಯ ಫೋಟೊದ ಪಕ್ಕ ನಿಲ್ಲಿಸಿ ನಿಮ್ಮಮ್ಮ ನನ್ನದೊಂದು ಫೋಟೊ ತೆಗೆದಳು. "ತಲೆ ಎತ್ತಮ್ಮ, ತಲೆ ಎತ್ತು" ಎಂದು ಅಷ್ಟು ಹೇಳಿದಳು. ನಾನು ಎತ್ತಿಯೇ ಇದ್ದೆ. ಅವಳು ಒತ್ತುವ ಹೊತ್ತಿಗೆ ಸೆರಗಿಗೆ ಸೀಮೆಸುಣ್ಣ ಹತ್ತಿತೇ ಎಂದು ಒಮ್ಮೆ ನೋಡಿಕೊಂಡೆ, ಅಷ್ಟೇ. ಆ ಫೋಟೊದಲ್ಲೂ ನನ್ನ ಬೈತಲೆಯೇ ಕಾಣುತ್ತದೆ, ಈಗ ಬೆಳ್ಳಗಾಗಿದೆ. ಆದರೆ ಪಕ್ಕದ ಗೋಡೆಯ ಮೇಲೆ ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತಿದೆ. ದೀರ್ಘ ಎಲ್ಲಿ ಬರಬೇಕು ಎಂದೂ ಈಗ ಗೊತ್ತಾಗಿದೆ.

ಹಾಲಿನ ಅಂಗಡಿಯವಳಿಗೆ ಇದನ್ನು ಓದಿ ಹೇಳಿ. ಜೂಜುಕೋರಳಲ್ಲ, ನಮ್ಮ ಅಜ್ಜಿ ಕಳ್ಳಿ ಎಂದು ಸ್ಪಷ್ಟವಾಗಿ ಹೇಳಿ. ನಾಳೆಯಿಂದ ನಾನೇ ಹಾಲು ತರುತ್ತೇನೆ.